ಗುರುಸಿದ್ದ ಮೇಷ್ಟ್ರು ಆಮೇಲೆ ಸೇರಿಸಿದ ಸಾಲು

ಯಾರೂ ಓದದ ಪುಸ್ತಕಗಳನ್ನು ಬರೆಯುವುದು ಗುರುಸಿದ್ದ ಮೇಷ್ಟ್ರ ಕೆಲಸವಾಗಿತ್ತು. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಆದರೆ ಬೇರೆ ಯಾರಾದರೂ ಅದೇ ಮಾತು ಅಂದರೆ ಮುಖ ಗಂಟು ಹಾಕಿಕೊಂಡು ಆ ವಾರವೆಲ್ಲ ಮಾತು ಬಿಡುತ್ತಿದ್ದರು. ಗದಗಿನ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು, ಶಾಲೆ ಮುಚ್ಚಿದ ಮೇಲೆ ಬೆಂಗಳೂರಿಗೆ ಬಂದು, ಬಿಟಿಎಂ ಲೇಔಟಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಜೆ.ಪಿ. ನಗರದ ನಮ್ಮ ಕಂಪನಿಗೆ ಡಾಕ್ಯುಮೆಂಟೇಶನ್ ಬರೆಯಲು ಸೇರಿದ್ದರು. ಹೆಂಡತಿ ಊರಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಮಧ್ಯಾಹ್ನ ಡಬ್ಬಿಯಲ್ಲಿ ಎರಡು ಕಟಕ ರೊಟ್ಟಿ, ಶೇಂಗಾ ಚಟ್ನಿ. ಯಾರಿಗೂ ಒಂದು ತುಂಡು ಕೊಟ್ಟವರಲ್ಲ, ಯಾರಿಂದಲೂ ಒಂದು ತುತ್ತು ತೆಗೆದುಕೊಂಡವರಲ್ಲ.

ನಾನು ಅಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಚಿಕ್ಕಲಸಂದ್ರದವಳು, ನೇರವಾಗಿ ಮಾತಾಡುವವಳು ಎಂದು ಹೆಸರು ಕೆಡಿಸಿಕೊಂಡವಳು. ನನಗೂ ಮೇಷ್ಟ್ರಿಗೂ ಹೊಂದಿಕೆಯಾಗಲು ಬಹುಶಃ ಅದೇ ಕಾರಣ. ಇಬ್ಬರೂ ಮುಖ ನೋಡಿ ಮಣೆ ಹಾಕುವವರಲ್ಲ.

ನಮ್ಮ ಯಜಮಾನರು ಮುನಿರಾಜು. ತಾತನ ಹೊಲದ ಮೇಲೆ ಎದ್ದ ಕಟ್ಟಡದ ಎರಡನೇ ಮಹಡಿಯಲ್ಲೇ ಕಂಪನಿ ಇಟ್ಟುಕೊಂಡಿದ್ದರು. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಬಟ್ಟೆಗೆ ಇಸ್ತ್ರಿ ಹಾಕಲು ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು. ಆ ಬಾಯ್ಲರಿನಲ್ಲಿ ನೀರು ಎಷ್ಟಿದೆ ಎಂದು ನೋಡಿ, ಕಡಿಮೆಯಾದರೆ ತಾನೇ ಉರಿ ಆರಿಸುವ ಒಂದು ಪ್ಯಾನೆಲ್ ಅನ್ನು ನಾವು ಮಾಡುತ್ತಿದ್ದೆವು. ಪ್ಯಾನೆಲ್ ಒಳಗಿನ ಸಾಫ್ಟ್‌ವೇರ್ ನಮ್ಮ ಹುಡುಗ ಹುಡುಗಿಯರದು. ಅದನ್ನು ಹೇಗೆ ನಡೆಸಬೇಕು ಎಂಬ ಪುಸ್ತಕ, ಬಾಯ್ಲರ್ ರೂಮಿನ ಗೋಡೆಗೆ ಅಂಟಿಸುವ ಕನ್ನಡದ ಕಾರ್ಡು, ನಮ್ಮ ಇಂಜಿನಿಯರುಗಳಿಗೇ ಬೇಕಾದ ಒಳಗಿನ ಕೈಪಿಡಿ, ಇವೆಲ್ಲ ಮೇಷ್ಟ್ರವು.

ಎರಡು ಸಾವಿರದ ಆರರಲ್ಲಿ ಕಂಪನಿ ತನ್ನ ವರ್ಷನ್ ಕಂಟ್ರೋಲ್ ಬದಲಿಸಿತು. ಈ ಮಾತಿನ ಅರ್ಥ ನನಗೂ ಗೊತ್ತಿರಲಿಲ್ಲ. ಹತ್ತು ಜನ ಒಂದೇ ಕೆಲಸಕ್ಕೆ ಕೈ ಹಾಕಿದಾಗ ಯಾರು, ಯಾವಾಗ, ಏನು ತಿದ್ದಿದರು ಎಂದು ನೆನಪಿಟ್ಟುಕೊಳ್ಳುವ ವ್ಯವಸ್ಥೆ ಅದು ಎಂದು ಮೇಷ್ಟ್ರು ತಿಳಿಹೇಳಿದರು. ಎಲ್ಲರ ಕೆಲಸವೂ ಒಂದು ಸರ್ವರ್ ಮೆಷೀನಿಗೆ ಹೋಗಿ ಸೇರುತ್ತದೆ, ಅಲ್ಲಿಂದಲೇ ಪ್ಯಾನೆಲ್‌ಗೆ ಹೋಗುವ ಸಾಫ್ಟ್‌ವೇರ್ ತಯಾರಾಗುತ್ತದೆ. ಇದುವರೆಗೆ ಇದ್ದದ್ದು ಸಿವಿಎಸ್ ಎಂಬುದು. ಇನ್ನು ಮುಂದೆ ಹೊಸ ಮೆಷೀನಿನಲ್ಲಿ ಸಬ್‌ವರ್ಷನ್ ಎಂಬುದು. ಇಂಜಿನಿಯರುಗಳಿಗೆ ಒಂದು ವಾರದ ಕೆಲಸ. ಮೇಷ್ಟ್ರಿಗೆ ಮಾತ್ರ ಹಳೆಯ ಹೆಸರು, ಹಳೆಯ ವಿಳಾಸ, ಹಳೆಯ ಕಮಾಂಡು ಎಲ್ಲೆಲ್ಲಿ ಕೂತಿದೆಯೋ ಅಲ್ಲೆಲ್ಲ ಹುಡುಕಿ ಬದಲಿಸುವ ಕೆಲಸ. ಶ್ರಾವಣದಿಂದ ದಸರೆಯವರೆಗೆ ಅದನ್ನೇ ಮಾಡಿದರು. ಹುಡುಗರು ಮಾನಿಟರಿಗೆ ಅಂಟಿಸಿಕೊಂಡಿದ್ದ ಹಳೆಯ ಚೀಟಿಗಳನ್ನು ಕಿತ್ತು ಹರಿದು ಹಾಕಿ, ಬೈಸಿಕೊಂಡರು, ಬೈದರು.

ಕೈಪಿಡಿಯ ಕೊನೆಯಲ್ಲಿ ಅವರು ಒಂದು ಪುಟ ಬರೆದಿದ್ದರು. ಓದಿ ಹೇಳಮ್ಮಾ ಎಂದು ನನಗೇ ಕೊಟ್ಟಿದ್ದರು. ಹಳೆಯ ಮೆಷೀನು ಆಯುಧಪೂಜೆಯಿಂದ ಬಂದ್. ಯಾರಾದರೂ ತಪ್ಪಿ ಹಳೆಯ ಕಮಾಂಡು ಕೊಟ್ಟರೆ ಉತ್ತರ ಬರುವುದಿಲ್ಲ, ಉತ್ತರ ಬಾರದಿದ್ದರೆ ನಿಮ್ಮ ವಿಳಾಸ ಹಳೆಯದು ಎಂದು ತಿಳಿಯಿರಿ. ಹೊಸದು ಯಾಕೆ ಒಳ್ಳೆಯದು ಎಂದೂ ಬರೆದಿದ್ದರು. ಹಳೆಯದರಲ್ಲಿ ಹಿಂದಿನ ದಾಖಲೆಯನ್ನು ಕೈಯಿಂದಲೇ ತಿದ್ದಿ ತಾರೀಖು ಬದಲಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹೊಸದರಲ್ಲಿ ಅದು ಸುಲಭವಲ್ಲ. ಈ ಸಾಲಿನ ಬಗ್ಗೆ ಅವರಿಗೆ ಬಹಳ ಹೆಮ್ಮೆ.

ಹಳೆಯ ಮೆಷೀನನ್ನು ಪೂಜೆಗೆ ಮೊದಲೇ ಬಿಚ್ಚಿ ಗೋದಾಮಿಗೆ ಹಾಕಿಸಿ ಎಂದು ಮೇಷ್ಟ್ರು ಕೇಳಿದರು. ಮುನಿರಾಜು ಒಪ್ಪಲಿಲ್ಲ. ಇಷ್ಟು ವರ್ಷ ಅನ್ನ ಹಾಕಿದ ಮೆಷೀನು, ಕೊನೆಯ ಸಲ ಪೂಜೆ ಮಾಡಿ ಕಳಿಸೋಣ ಎಂದರು. ಆಯುಧಪೂಜೆಯ ದಿನ ಬೋರಣ್ಣ ಎಲ್ಲ ಮೆಷೀನುಗಳನ್ನೂ ಆರಿಸಿ, ಒರೆಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದ. ಬೋರಣ್ಣ ನಮ್ಮ ಆಫೀಸ್ ಅಸಿಸ್ಟೆಂಟ್, ಹೊಸಕೆರೆಹಳ್ಳಿಯವನು, ಐವತ್ತು ದಾಟಿದವನು. ಬಾಗಿಲಲ್ಲಿ ಕುಂಬಳಕಾಯಿ ಒಡೆದದ್ದೂ ಅವನೇ. ಪೂಜೆ ಮಾಡಿದ ಆಯುಧವನ್ನು ಅವತ್ತು ಮುಟ್ಟುವಂತಿಲ್ಲ. ಮಾರನೇ ದಿನ ವಿಜಯದಶಮಿ, ಪೂಜೆ ಮಾಡಿದ್ದನ್ನೆಲ್ಲ ಒಂದು ಗಳಿಗೆಯಾದರೂ ನಡೆಸಲೇಬೇಕು. ನಮ್ಮಪ್ಪ ನೇಗಿಲಿಗೂ ಹಾಗೇ ಮಾಡುತ್ತಿದ್ದರು. ಬೋರಣ್ಣ ಬೆಳಿಗ್ಗೆ ಬಂದು ಕರ್ಪೂರ ಹಚ್ಚಿ, ಒಂದೊಂದೇ ಮೆಷೀನಿನ ಬಟನ್ ಒತ್ತಿದ. ಹಳೆಯದರದ್ದನ್ನೂ ಒತ್ತಿದ. ಬಿಟ್ಟರೆ ಅಪಶಕುನ ಎಂದೇ ಅವನ ತಲೆಯಲ್ಲಿದ್ದದ್ದು. ಬೇರೆ ಮಾಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೈಪಿಡಿ ಇಂಗ್ಲಿಷಿನಲ್ಲಿತ್ತು.

ಹಾರ ಬಾಡಿದರೂ ಆ ಮೆಷೀನು ಮೂಲೆಯಲ್ಲಿ ಗುಂಯ್ ಎನ್ನುತ್ತಲೇ ಇತ್ತು. ಎಲ್ಲ ಮೆಷೀನೂ ಗುಂಯ್ ಎನ್ನುವ ಕೋಣೆಯದು, ಇನ್ನೊಂದು ದನಿ ಯಾರ ಕಿವಿಗೂ ಬೀಳಲಿಲ್ಲ.

ಶ್ವೇತಾ ಎಂಬ ಇಂಜಿನಿಯರ್ ಹುಡುಗಿ ಆಗ ರಜೆ ಮೇಲೆ ಹಾವೇರಿಗೆ ಹೋಗಿದ್ದಳು, ಅವಳಿಗೆ ಮದುವೆ ಗೊತ್ತಾಗಿತ್ತು. ಎಲ್ಲರ ಕಂಪ್ಯೂಟರಿನಲ್ಲೂ ವಿಳಾಸ ಬದಲಿಸಿದ ದಿನ ಅವಳದು ಬೀಗ ಹಾಕಿಕೊಂಡಿತ್ತು. ವಾಪಸ್ ಬಂದವಳು ಒಂದು ದೋಷ ಸರಿಪಡಿಸಿದಳು. ಕರೆಂಟು ಹೋಗಿ ಬಂದಾಗ ಪ್ಯಾನೆಲ್ ಸ್ವಲ್ಪ ಹೊತ್ತು ಹಳೆಯ ಅಂಕಿಯನ್ನೇ ತೋರಿಸುತ್ತಿತ್ತು, ನೀರಿಲ್ಲದಿದ್ದರೂ ಇದೆ ಎಂದು. ಅದನ್ನು ಅವಳು ಸರಿ ಮಾಡಿ, ರೂಢಿಯ ಕಮಾಂಡು ಕೊಟ್ಟು, ಮೆಷೀನಿಗೆ ಸೇರಿಸಿದಳು. ಉತ್ತರ ಬಂತು. ಉತ್ತರ ಬಂದರೆ ಸರಿ ಎಂದು ಮೇಷ್ಟ್ರ ಪುಟವೇ ಹೇಳುತ್ತಿತ್ತಲ್ಲ. ಅವಳ ಕೆಲಸ ಹಳೆಯ ಮೆಷೀನಿಗೆ ಹೋಗಿ ಕೂತಿತು. ಮುಂದಿನ ತಿಂಗಳು ಹೊಸ ಮೆಷೀನಿನಿಂದ ಸಾಫ್ಟ್‌ವೇರ್ ತಯಾರಾಗಿ ಕಾರ್ಖಾನೆಗಳಿಗೆ ಹೋಯಿತು, ಆ ದೋಷದ ಸಮೇತ.

ಡಿಸೆಂಬರಿನಲ್ಲಿ ಬೇಗೂರಿನ ಕಡೆಯ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಕರೆಂಟು ಹೋಗಿ ಬಂತು. ಪ್ಯಾನೆಲ್ ನೀರಿದೆ ಎಂದಿತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ನಿಂಗರಾಜ ಅದನ್ನು ನಂಬಿ ಉರಿ ಹಚ್ಚಿದ. ಒಣಗಿದ ಬಾಯ್ಲರ್ ಕಾದು ಸಿಡಿಯಿತು. ಊಟದ ಹೊತ್ತಾದ್ದರಿಂದ ಬೇರೆ ಯಾರೂ ಹತ್ತಿರವಿರಲಿಲ್ಲ. ನಿಂಗರಾಜನ ಮುಖ, ಎದೆ, ಎರಡೂ ಕೈ ಬೆಂದು ಹೋದವು, ಕಣ್ಣು ಹೋದವು. ಗೋಡೆಯ ಮೇಲಿದ್ದ ಮೇಷ್ಟ್ರ ಕಾರ್ಡೂ ಗೋಡೆಯ ಜೊತೆಗೇ ಹೋಯಿತು.

ಎರಡೇ ದಿನದಲ್ಲಿ ನಮ್ಮ ಹುಡುಗರು ಕಾರಣ ಪತ್ತೆ ಮಾಡಿದರು. ಮುನಿರಾಜು ಅವರ ಬಾಯಿ ಮುಚ್ಚಿಸಿ, ಮೇಷ್ಟ್ರನ್ನು ಒಳಗೆ ಕರೆದರು. ನನ್ನ ಟೇಬಲ್ಲಿಗೂ ಆ ಕೋಣೆಗೂ ನಡುವೆ ಇದ್ದದ್ದು ಪ್ಲೈವುಡ್ ಗೋಡೆ. ಕಾರ್ಖಾನೆಯವನಿಗೆ ಏನೇನು ಸೂಚನೆ ಕೊಟ್ಟಿದ್ದೀರಿ, ಯಾವಾಗಿನಿಂದ ಕೊಟ್ಟಿದ್ದೀರಿ, ತೋರಿಸಿ ಎಂದು ಸರ್ಕಾರದಿಂದ ಬಂದ ತನಿಖೆಯ ಅಧಿಕಾರಿ ಕೇಳಿದ್ದರಂತೆ. ಕರೆಂಟು ಹೋಗಿ ಬಂದ ಮೇಲೆ ಬಾಯ್ಲರಿನ ಗಾಜಿನ ನಳಿಗೆಯಲ್ಲಿ ನೀರನ್ನು ಕಣ್ಣಾರೆ ನೋಡಬೇಕು ಎಂಬ ಮಾತು ಕಾರ್ಡಿನಲ್ಲಿ ಇರಲಿಲ್ಲ. ನಮ್ಮ ಪ್ಯಾನೆಲ್ ಇದ್ದರೆ ನೋಡುವುದೇ ಬೇಡ ಎಂದಲ್ಲವೇ ನಾವು ಮಾರುತ್ತಿದ್ದದ್ದು? ಆ ಸಾಲನ್ನು ಈಗ ಸೇರಿಸಬೇಕು, ಹಳೆಯ ಮೆಷೀನಿನಲ್ಲಿ, ಹೋದ ವರ್ಷದ ತಾರೀಖಿಗೆ. ಅಲ್ಲಿ ಕೈಯಿಂದ ತಿದ್ದಬಹುದು ಎಂದು ಕೈಪಿಡಿಯಲ್ಲಿ ನೀವೇ ಬರೆದಿದ್ದೀರಲ್ಲ ಎಂದರು ಮುನಿರಾಜು. ಯಾರೂ ಓದದ ಆ ಪುಸ್ತಕವನ್ನು ಅವರೊಬ್ಬರು ಓದಿದ್ದರು.

ಮೇಷ್ಟ್ರು ಆಗುವುದಿಲ್ಲ ಎಂದರು. ಜೋರಾಗಿಯೇ ಅಂದರು. ನನಗೆ ಖುಷಿಯಾಯಿತು.

ಮುನಿರಾಜು ಸಿಟ್ಟಾಗಲಿಲ್ಲ. "ನೋಡಿ ಮೇಷ್ಟ್ರೇ, ಯಾರ್ ತಪ್ಪು ಅಂತ ಅವ್ರು ಕೇಳೇ ಕೇಳ್ತಾರೆ. ನಾನು ಒಂದ್ ಹೆಸ್ರು ಕೊಡ್ಲೇಬೇಕು. ತಪ್ಪು ಜಾಗಕ್ಕೆ ಹಾಕಿದ್ದು ಶ್ವೇತಾ. ಮೆಷೀನ್ ಆನ್ ಮಾಡಿದ್ದು ಬೋರಣ್ಣ. ಮುಂದಿನ್ ತಿಂಗ್ಳು ಆ ಹುಡುಗಿ ಮದ್ವೆ. ಇಬ್ರಲ್ಲಿ ಯಾರನ್ನ ಕೊಡ್ಲಿ, ನೀವೇ ಹೇಳಿ."

ನಿಮ್ಮ ಹೆಸರು ಕೊಡಿ ಎಂದರು ಮೇಷ್ಟ್ರು. ಮುನಿರಾಜು ನಕ್ಕರು. ತನ್ನ ಹೆಸರು ಕೊಟ್ಟರೆ ಕಂಪನಿಗೆ ಬೀಗ, ಮೂವತ್ತು ಮನೆಯ ಒಲೆ ಆರುತ್ತದೆ ಎಂದರು. ಸಾಲು ಸೇರಿಸಿದರೆ ತಪ್ಪು ಆ ಆಪರೇಟರಿನ ಮೇಲೆ ಹೋದರೂ ಅವನಿಗೆ ಏನೂ ಆಗುವುದಿಲ್ಲ, ಬದುಕಿಕೊಂಡಿದ್ದಾನೆ, ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಕಾರ್ಖಾನೆಯವರು ನೋಡಿಕೊಳ್ಳುತ್ತಾರೆ ಎಂದರು.

ಅದೇ ಸಂಜೆ ಮೇಷ್ಟ್ರು ಆ ಸಾಲು ಬರೆದರು. ಬರೆಯುವಾಗಲೂ ಅಚ್ಚುಕಟ್ಟಾಗಿ ಬರೆದರು: "ವಿದ್ಯುತ್ ಹೋಗಿ ಬಂದ ನಂತರ ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟವನ್ನು ಸ್ವತಃ ನೋಡದೆ ಉರಿ ಹಚ್ಚಕೂಡದು." ಮುನಿರಾಜು ಹೊಸ ಕಾರ್ಡುಗಳನ್ನು ಮುದ್ರಿಸಿ, ಬೋರಣ್ಣನ ಕೈಯಲ್ಲಿ ಉಳಿದ ಕಾರ್ಖಾನೆಗಳಿಗೆ ಕಳಿಸಿ ಹಳೆಯವನ್ನು ಕಿತ್ತು ತರಿಸಿದರು. ಯಾವುದಕ್ಕಾಗಿ ಎಂದು ಬೋರಣ್ಣನಿಗೆ ಹೇಳಲಿಲ್ಲ. ಶ್ವೇತಾಳಿಗೂ ಏನೂ ಹೇಳಲಿಲ್ಲ. ಅವಳು ಎಲ್ಲರಿಗೂ ಲಗ್ನಪತ್ರಿಕೆ ಹಂಚಿ ಹೋದಳು.

ಮಾರನೇ ದಿನ ನಾನು ಮೇಷ್ಟ್ರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆ, ನೀವು ಮಾಡಿದ್ದು ಹೇಸಿಗೆ ಕೆಲಸ ಎಂದು. ಅವರು ರೊಟ್ಟಿ ಮುರಿಯುತ್ತಾ, ಎದುರಿಗಿದ್ದವರು ಇಬ್ಬರು ಕಂಡರು, ದೂರದವನು ಕಾಣಲಿಲ್ಲ ಎಂದರು. ಅಷ್ಟೇ ಅಂದು ಡಬ್ಬಿ ಮುಚ್ಚಿದರು. ನನಗೆ ಅವರ ಮೇಲಿನ ಸಿಟ್ಟು ಇಳಿಯಲಿಲ್ಲ, ಆದರೆ ಅವರ ಜಾಗದಲ್ಲಿ ನಾನಿದ್ದರೆ ಯಾರ ಹೆಸರು ಹೇಳುತ್ತಿದ್ದೆ ಎಂಬುದೂ ಹೊಳೆಯಲಿಲ್ಲ.

ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಎಂದಿದ್ದು ಸುಳ್ಳಾಯಿತು. ಸೂಚನೆ ಬರೆದಿದ್ದರೂ ಪಾಲಿಸಲಿಲ್ಲ ಎಂದು ಕಾರ್ಖಾನೆ ನಿಂಗರಾಜನನ್ನು ಕೆಲಸದಿಂದ ತೆಗೆಯಿತು, ಚಿಕಿತ್ಸೆಯಿಂದಲೂ ಕೈ ತೊಳೆದುಕೊಂಡಿತು. ದೊಡ್ಡಾಸ್ಪತ್ರೆಯಿಂದ ಅವನನ್ನು ಮನೆಗೆ ಕರೆತಂದರಂತೆ. ಸುದ್ದಿ ತಂದವನು ಬೋರಣ್ಣ. ಮೇಷ್ಟ್ರು ಅವತ್ತು ಅರ್ಧ ದಿನ ರಜೆ ಹಾಕಿ ತನಿಖೆಯ ಅಧಿಕಾರಿಯ ಹತ್ತಿರ ಹೋದರು. ನಾನೇ ಸುಳ್ಳು ಬರೆದವನು, ಆ ಸಾಲು ಮೊದಲು ಇರಲಿಲ್ಲ, ನನ್ನ ಹೆಸರು ಬರೆದುಕೊಳ್ಳಿ ಎಂದರಂತೆ. ಅಧಿಕಾರಿ ಕೆಟ್ಟವರಲ್ಲ. ಕೂರಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಆದರೆ ನಿಂಗರಾಜನೇ ಆಸ್ಪತ್ರೆಯಲ್ಲಿ, ತಪ್ಪು ನನ್ನದೇ, ಕಾರ್ಡಿನಲ್ಲಿ ಬರೆದದ್ದನ್ನು ನಾನು ನೋಡಲಿಲ್ಲ ಎಂದು ಹೇಳಿಕೆ ಕೊಟ್ಟಿದ್ದಾನೆ ಎಂದರು. ಅವನೋ ಅವನ ಮನೆಯವರೋ ಬಂದು, ಇಲ್ಲ, ಆ ಸಾಲು ನಮ್ಮ ಗೋಡೆಯ ಮೇಲೆ ಇರಲಿಲ್ಲ ಎಂದು ಒಂದು ಮಾತು ಹೇಳಿದರೆ ನಾನು ಮತ್ತೆ ಕೇಸು ತೆಗೆಯುತ್ತೇನೆ, ನಿಮ್ಮೊಬ್ಬರ ಮಾತಿನ ಮೇಲೆ ಆಗುವುದಿಲ್ಲ ಎಂದರು.

ಆ ಭಾನುವಾರ ಮೇಷ್ಟ್ರು ನನ್ನನ್ನು ಜೊತೆಗೆ ಬರುತ್ತೀಯಾ ಎಂದು ಕೇಳಿದರು. ಅವರು ಯಾರನ್ನೂ ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಸ್ಕೂಟಿಯಲ್ಲಿ ಬೇಗೂರಿಗೆ ಹೋದೆವು. ಕೆರೆಯ ಹಿಂದೆ ಸಾಲಾಗಿ ಶೀಟಿನ ಮನೆಗಳು, ಅದರಲ್ಲೊಂದು ನಿಂಗರಾಜನದು. ಅವನ ಹೆಂಡತಿ ಶಿವಬಸಮ್ಮ ಅದೇ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಯಲಬುರ್ಗಿಯ ಕಡೆಯವರು. ಮೇಷ್ಟ್ರ ಊರಿನ ಹೆಸರು ಕೇಳಿ ಅವಳ ಮುಖ ಸ್ವಲ್ಪ ಅರಳಿತು, ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ, ಒಬ್ಬರೇ ಎಂದು ತಿಳಿದುಕೊಂಡಳು.

ನಿಂಗರಾಜನನ್ನು ಸೊಳ್ಳೆಪರದೆಯ ಒಳಗೆ ಬಾಳೆಲೆಯ ಮೇಲೆ ಮಲಗಿಸಿದ್ದರು. ಮುಖದ ತುಂಬ ಮುಲಾಮು, ಕಣ್ಣಿನ ಮೇಲೆ ಬಟ್ಟೆ. ಕಾರ್ಡು ಬರೆದವರು ಬಂದಿದ್ದಾರೆ ಎಂದು ಶಿವಬಸಮ್ಮ ಹೇಳಿದ್ದೇ ತಡ, ಎದ್ದು ಕೂರಲು ನೋಡಿದ.

"ತಪ್ಪಾತ್ರಿ ಸರ. ನೀವು ಬರ್ದಿದ್ರಿ, ನಾ ನೋಡ್ಲಿಲ್ಲ."

ಆಮೇಲೆ ಆ ಸಾಲನ್ನು ಒಪ್ಪಿಸಿದ. ವಿದ್ಯುತ್ ಹೋಗಿ ಬಂದ ನಂತರ ಎಂಬಲ್ಲಿಂದ ಹಚ್ಚಕೂಡದು ಎಂಬುವವರೆಗೆ ಒಂದಕ್ಷರ ತಪ್ಪಲಿಲ್ಲ. ಆಸ್ಪತ್ರೆಯಲ್ಲಿ ಮ್ಯಾನೇಜರ್ ಓದಿ ಹೇಳಿದ್ದನಂತೆ. ನೋಡಲು ಬರುವ ಬೇರೆ ಬಾಯ್ಲರಿನ ಹುಡುಗರಿಗೆಲ್ಲ ಇದನ್ನೇ ಹೇಳುತ್ತಿದ್ದಾನೆ, ನನ್ನ ಹಾಗೆ ಮಾಡಬೇಡಿ ಎಂದು. ಮೇಷ್ಟ್ರು ಕೆಳಗೆ ಕೂತವರು ಗೋಡೆಗೆ ಕೈ ಊರಿದರು.

"ಆ ಸಾಲು ಇರ್ಲಿಲ್ಲೋ ತಮ್ಮಾ. ನಿನ್ನ ಗ್ವಾಡಿ ಮ್ಯಾಲಿನ ಕಾರ್ಡಿನ್ಯಾಗ ಅದು ಇರ್ಲಿಲ್ಲ. ನೀ ಸುಟ್ಕೊಂಡ ಮ್ಯಾಲೆ ನಾ ಬರ್ದೀನಿ."

ನಿಂಗರಾಜನ ಬೆಂದ ತುಟಿ ಅಲುಗಿತು, ನಕ್ಕನೆಂದು ನನಗೆ ತಡವಾಗಿ ತಿಳಿಯಿತು. "ದೊಡ್ಡ ಮನಸ್ಸು ರೀ ನಿಮ್ದು. ನನ್ನ ಸಮಾಧಾನಕ್ಕ ಹೇಳಾಕತ್ತೀರಿ" ಎಂದ.

ಮೇಷ್ಟ್ರು ಎಲ್ಲವನ್ನೂ ಹೇಳಿದರು. ಪೂಜೆ, ಹಳೆಯ ಮೆಷೀನು, ಹಳೆಯ ತಾರೀಖು. ಅಧಿಕಾರಿಯ ಮುಂದೆ ಒಂದೇ ಒಂದು ಮಾತು ಹೇಳಪ್ಪ ಎಂದು ಅಂಗಲಾಚಿದರು. ಬರವಣಿಗೆಯಲ್ಲಿ ಇಷ್ಟು ಸ್ಪಷ್ಟವಾಗಿ ಬಿಡಿಸಿ ಹೇಳುತ್ತಿದ್ದವರು ಅಲ್ಲಿ ತಡವರಿಸಿ, ಹಿಂದಿನದು ಮುಂದೆ ಮುಂದಿನದು ಹಿಂದೆ ಮಾಡಿ ಹೇಳಿದರು. ನಿಂಗರಾಜ ಮಾತ್ರ ಪ್ರತಿ ಮಾತಿಗೂ ಹೂಂ ಎಂದು, ಕೊನೆಗೆ ನೀರು ಕುಡಿದು ಹೋಗಿ ಸರ ಎಂದ. ಅಚ್ಚಾದದ್ದು ಸುಳ್ಳಾಗುತ್ತದೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ಏಳನೇ ಕ್ಲಾಸು ಓದಿ, ಕಾರ್ಡು ನೋಡಿಯೇ ಕೆಲಸ ಕಲಿತವನು ಅವನು. ಮರೆತವನು ತಾನೇ ಇರಬೇಕು ಎಂದು ನಂಬಿಬಿಟ್ಟಿದ್ದ.

ಹೊರಗೆ ಬಂದಾಗ ಶಿವಬಸಮ್ಮ ನಮ್ಮ ಹಿಂದೆಯೇ ಬಂದಳು. ಬಾಗಿಲು ಎಳೆದುಕೊಂಡು, ದನಿ ತಗ್ಗಿಸಿ, ಇರಲಿಲ್ಲವೇ, ನಿಜ ಹೇಳಿ ಎಂದು ಕೇಳಿದಳು. ಮೇಷ್ಟ್ರು ಇರಲಿಲ್ಲ ಎಂದರು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ದಿನಾ ಬೈತೀನ್ರಿ ನಾ ಅವರ್ನ. ಓದಾಕ ಬರತಿದ್ರೂ ಓದ್ಲಿಲ್ಲ, ನನ್ನ ಮಕ್ಕಳ ಬಾಯಿಗೆ ಮಣ್ಣು ಹಾಕಿದಿ ಅಂತ. ದಿನಾ ಬೈತೀನ್ರಿ."

ಅವಳು ನಂಬಿದ್ದಳು. ಬುಧವಾರ ನಾನೇ ಅಧಿಕಾರಿಯ ಹತ್ತಿರ ಬರುತ್ತೇನೆ, ಅದಕ್ಕೆ ಮೊದಲು ನಮ್ಮ ಮನೆಯವರಿಗೆ ತಿಳಿಯುವ ಹಾಗೆ ಹೇಳಿ ಒಪ್ಪಿಸುತ್ತೇನೆ ಎಂದಳು. ಬಿಟಿಎಮ್ಮಿನಲ್ಲಿ ಇಳಿದಾಗ ಮೇಷ್ಟ್ರು, ಬುಧವಾರ ಆಟೋ ಮಾಡಿಕೊಂಡು ಹೋಗಿ ಅವಳನ್ನು ಕರೆತರುತ್ತೇನೆ ಎಂದರು. ಅವರ ದನಿಯಲ್ಲಿ ಜೀವ ಬಂದಿತ್ತು, ನನಗೂ ಬಂದಿತ್ತು.

ಮಂಗಳವಾರ ಬೆಳಗಿನ ಜಾವ ನಿಂಗರಾಜ ಹೋಗಿಬಿಟ್ಟ. ಗಾಯಕ್ಕೆ ನಂಜಾಗಿತ್ತು.

ಊರಿಗೆ ಕೊಂಡೊಯ್ಯಲು ಆಗದೆ ಇಲ್ಲೇ ಮಣ್ಣು ಮಾಡಿದರು. ಮೂರನೇ ದಿನದ ಕಾರ್ಯ ಮುಗಿದ ಮೇಲೆ ಮೇಷ್ಟ್ರು ಹೋದರು, ನಾನೂ ಹೋದೆ. ಶಿವಬಸಮ್ಮ ಮೂಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದಳು, ಮಗಳು ತೊಡೆಯ ಮೇಲೆ ಮಲಗಿದ್ದಳು. ಮೇಷ್ಟ್ರು ಕೇಸಿನ ಮಾತು ಹೇಗೆ ಎತ್ತುವುದು ಎಂದು ಒದ್ದಾಡುತ್ತಿರುವಾಗ ಅವಳೇ ಎತ್ತಿದಳು. ನೀವು ಹೇಳಿದ್ದನ್ನು ಅವತ್ತೇ ಅವರಿಗೆ ಹೇಳಿದೆ, ಎಷ್ಟು ಹೇಳಿದರೂ ನಂಬಲಿಲ್ಲ ಎಂದಳು. ನಾನು ಬೈದದ್ದಕ್ಕೆ ಕಾಲು ಹಿಡಿದೆ, ಬೈದದ್ದು ಸರಿಯಾಗಿಯೇ ಇತ್ತು ಎಂದರು ಎಂದಳು. ಇನ್ನು ನಾನು ಎಲ್ಲಿಗೂ ಬರುವುದಿಲ್ಲ, ನನ್ನನ್ನು ಕೇಳಬೇಡಿ ಎಂದಳು.

ಯಾಕೆ ಎಂದು ಮೇಷ್ಟ್ರು ಕೇಳಿದರು.

ಅವಳು ಮಗಳ ತಲೆಯ ಮೇಲೆ ಕೈ ಇಟ್ಟಳು. "ಅವ್ರು ಇದರ ತಲಿ ಮ್ಯಾಲೆ ನನ್ನ ಕೈ ಇಡ್ಸಿ ಆಣಿ ಹಾಕ್ಸ್ಯಾರ್ರಿ. ಮೇಷ್ಟ್ರು ನನ್ನ ಸಲುವಾಗಿ ತಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತಾರ, ಪಾಪ, ಒಬ್ಬಂಟಿ ಮನಶ್ಯಾ, ಅವರ ಕೆಲಸ ಹೋಗ್ತದ, ನೀ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದ್ರು."